ಪಾರ್ಕಿನ ಹಾಜರಿ ಪುಸ್ತಕ

ಶಾಲೆಯಲ್ಲಿ ದಿನದ ಮೊದಲ ಕೆಲಸ ಹಾಜರಿ ಕೂಗುವುದು. ಎರಡು ನಿಮಿಷದ ಕೆಲಸ. ಆದರೆ ಪಾಠ ಹೇಳುವವರಿಗೆ ಅದರ ಬೆಲೆ ಗೊತ್ತು. ಬಂದ ಮಕ್ಕಳು ಕಣ್ಣೆದುರಿಗೇ ಕೂತಿರುತ್ತಾರೆ. ಅವರಿಗಾಗಿ ಪುಸ್ತಕ ಬೇಕಿಲ್ಲ. ಬಾರದ ಮಗು ಯಾವುದು, ಎಷ್ಟು ದಿನದಿಂದ ಬಂದಿಲ್ಲ ಎಂದು ತಿಳಿಯಲು ಪುಸ್ತಕ ಬೇಕು. ಒಂದು ಹೆಸರಿನ ಮುಂದೆ ಸಾಲಾಗಿ ನಾಲ್ಕು ದಿನ ಗೈರುಹಾಜರಿ ಬಿದ್ದರೆ ಮೇಷ್ಟ್ರು ಮನೆಗೆ ಹೇಳಿ ಕಳಿಸುತ್ತಾರೆ.

ಈಗ ನಿಮ್ಮ ಬಡಾವಣೆಯ ಪಾರ್ಕಿಗೆ ಬನ್ನಿ. ಅಲ್ಲಿಯೂ ಒಂದು ತರಗತಿ ಇದೆ. ಕಾಗೆ, ಮೈನಾ, ಪಾರಿವಾಳ, ಅಳಿಲು, ಓತಿಕ್ಯಾತ, ಚಿಟ್ಟೆ, ಕೆಂಜಿಗ, ಎರೆಹುಳು ಎಲ್ಲ ಅದರ ವಿದ್ಯಾರ್ಥಿಗಳು. ಇವರ ಹಾಜರಿಯನ್ನು ಯಾರು ತೆಗೆದುಕೊಳ್ಳುತ್ತಾರೆ? ಬೆಳಿಗ್ಗೆ ವಾಕಿಂಗ್ ಬರುವ ಹಿರಿಯರು, "ನಾವು ಈ ಬಡಾವಣೆಗೆ ಬಂದಾಗ ಎಷ್ಟೊಂದು ಗುಬ್ಬಿ ಇದ್ದವು!" ಎಂದು ನಿಟ್ಟುಸಿರು ಬಿಡುತ್ತಾರೆ. ಎಷ್ಟಿದ್ದವು ಎಂದು ಕೇಳಿದರೆ "ಬೇಕಾದಷ್ಟು" ಎನ್ನುತ್ತಾರೆ. ಯಾವ ವರ್ಷದಿಂದ ಕಡಿಮೆಯಾದವು ಎಂದು ಕೇಳಿದರೆ ಉತ್ತರವಿಲ್ಲ. "ಬೇಕಾದಷ್ಟು" ಎಂಬುದರಿಂದ ಯಾವ ಗಣಿತದಲ್ಲೂ ಏನನ್ನೂ ಕಳೆಯಲು ಬರುವುದಿಲ್ಲ. ಮೊದಲಿನ ಲೆಕ್ಕ ಇಲ್ಲದಿದ್ದರೆ ಇಂದಿನ ನಷ್ಟ ಎಷ್ಟೆಂದು ಹೇಳುವುದು ಹೇಗೆ?

ಆ ಲೆಕ್ಕವನ್ನು ಇಡಲು ವಿಜ್ಞಾನಿಗಳೇ ಬರಬೇಕಾಗಿಲ್ಲ. ಎಂಟನೇ ತರಗತಿಯ ಹುಡುಗಿಯೊಬ್ಬಳು, ಒಂದು ನೋಟ್‌ಬುಕ್, ಭಾನುವಾರದ ಹದಿನೈದು ನಿಮಿಷ ಇಷ್ಟಿದ್ದರೆ ಸಾಕು. ಈ ವಾರ ಅದರ ವಿಚಾರ.

ತಿಂಗಳ ಎರಡನೇ ಭಾನುವಾರ

ಬೆಂಗಳೂರಿನ ಲಾಲ್‌ಬಾಗ್ ನಿಮಗೆಲ್ಲ ಗೊತ್ತು. ಹೈದರಾಲಿ 1760ರಲ್ಲಿ ಆರಂಭಿಸಿ, ಟಿಪ್ಪು ಬೆಳೆಸಿದ, ಈಗ ಸುಮಾರು 240 ಎಕರೆಗಳಷ್ಟು ವಿಸ್ತಾರವಾಗಿರುವ ಸಸ್ಯೋದ್ಯಾನ. ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯೋತ್ಸವಕ್ಕೂ ಅಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಊರಿಗೆ ಊರೇ ನುಗ್ಗುತ್ತದೆ. ಸುಮಾರು 300 ಕೋಟಿ ವರ್ಷ ಹಳೆಯದಾದ ಅಲ್ಲಿಯ ಬಂಡೆಯ ಮೇಲೆ ನಿಂತು ಕಡಲೆಕಾಯಿ ತಿನ್ನದವರು ಕಡಿಮೆ.

ಆದರೆ ಯಾವ ಗಲಾಟೆಯೂ ಇಲ್ಲದೆ ಅಲ್ಲಿ ಇನ್ನೊಂದು ಕೆಲಸ ನಡೆದುಕೊಂಡು ಬಂದಿದೆ. 1970ರ ದಶಕದ ಆರಂಭದಲ್ಲಿ ಬೆಂಗಳೂರಿನ ಕೆಲವು ಹಕ್ಕಿಪ್ರಿಯರು ಸೇರಿ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ ಎಂಬ ಬಳಗವನ್ನು ಕಟ್ಟಿಕೊಂಡರು. ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಗಾಜಿನ ಮನೆಯ ಬಳಿ ಸೇರುವುದು, ಸುತ್ತಾಡಿ ಹಕ್ಕಿ ನೋಡುವುದು, ಕಂಡದ್ದನ್ನು ಬರೆದಿಡುವುದು ಅವರ ರೂಢಿ. ಬಂದವರಲ್ಲಿ ಇಂಜಿನಿಯರ್ ಇರಬಹುದು, ಬ್ಯಾಂಕ್ ಗುಮಾಸ್ತ ಇರಬಹುದು, ಅಪ್ಪನ ಕೈ ಹಿಡಿದುಕೊಂಡು ಬಂದ ಮೂರನೇ ತರಗತಿಯ ಪುಟ್ಟಿ ಇರಬಹುದು. ಯಾರಿಗೆ ಹೆಸರು ಗೊತ್ತೋ ಅವರು ಗೊತ್ತಿಲ್ಲದವರಿಗೆ ಹೇಳಿಕೊಡುತ್ತಾರೆ.

ಒಂದು ಮುಂಜಾನೆಯ ಸುತ್ತಾಟದಲ್ಲಿ ಅಲ್ಲಿ ಏನೆಲ್ಲ ಕಾಣಬಹುದು? ಕೆರೆಯ ಬಳಿ ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿ. ಮರಗಳ ತುದಿಯಲ್ಲಿ "ಕುಟ್ರೂ ಕುಟ್ರೂ" ಎನ್ನುವ ಕುಟ್ರುಹಕ್ಕಿ. ಹಳೆಯ ಮರದ ಪೊಟರೆಯ ಬಾಯಲ್ಲಿ ಕೂತು ನಿಮ್ಮನ್ನೇ ದುರುಗುಟ್ಟಿ ನೋಡುವ ಹಾಲಕ್ಕಿ ಎಂಬ ಚಿಕ್ಕ ಗೂಬೆ. ಚಳಿಗಾಲವಾದರೆ ಹೊರಗಿನ ನೆಂಟರೂ ಇರುತ್ತಾರೆ. ಎಲೆಗಳ ನಡುವೆ ಚುರುಕಾಗಿ ಓಡಾಡುವ ಮಾಸಲು ಹಸಿರು ಬಣ್ಣದ ಉಲಿಯಕ್ಕಿಯ ತೂಕ ಹತ್ತು ಗ್ರಾಮ್‌ಗಿಂತ ಕಡಿಮೆ. ಅದು ಹಿಮಾಲಯದಿಂದ, ಅದಕ್ಕೂ ಉತ್ತರದ ನಾಡುಗಳಿಂದ ಹಾರಿ ಬಂದು, ಬೇಸಿಗೆಯವರೆಗೆ ನಮ್ಮಲ್ಲಿದ್ದು ಹಿಂದಿರುಗುತ್ತದೆ. ನಿಮ್ಮ ಕಂಪಾಸ್ ಪೆಟ್ಟಿಗೆಯಲ್ಲಿ ಹಿಡಿಸುವಷ್ಟು ಚಿಕ್ಕ ಜೀವಿಗೆ ಭಾರತದ ಭೂಪಟ ಬಾಯಿಪಾಠ ಎಂದರೆ ಆಶ್ಚರ್ಯವಲ್ಲವೇ?

ಬರೆದಿಟ್ಟದ್ದು ಎಲ್ಲಿಗೆ ಹೋಗುತ್ತದೆ?

"ಹೀಗೆ ಹವ್ಯಾಸಿಗಳು ಬರೆದದ್ದಕ್ಕೆ ಬೆಲೆ ಏನು, ಸಾರ್?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ.

ಅಮೆರಿಕದಲ್ಲಿ ಕ್ರಿಸ್‌ಮಸ್ ದಿನ ಗುಂಪುಕಟ್ಟಿಕೊಂಡು ಹೋಗಿ, ಯಾರು ಹೆಚ್ಚು ಹಕ್ಕಿ ಕೊಂದರು ಎಂದು ಪಂದ್ಯ ಕಟ್ಟುವ ಪದ್ಧತಿ ಇತ್ತು. ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿತಜ್ಞ 1900ರಲ್ಲಿ, ಕೊಲ್ಲುವ ಬದಲು ಎಣಿಸೋಣ ಎಂದು ಕರೆ ಕೊಟ್ಟರು. ಮೊದಲ ವರ್ಷ 27 ಮಂದಿ ಎಣಿಸಿದರು. ಆ ಎಣಿಕೆ ಇಂದಿಗೂ ಪ್ರತಿವರ್ಷ ನಡೆಯುತ್ತಿದೆ. ನೂರಕ್ಕೂ ಹೆಚ್ಚು ವರ್ಷಗಳ ಹಾಜರಿ ಪುಸ್ತಕ! ಯಾವ ಹಕ್ಕಿ ಯಾವ ದಿಕ್ಕಿಗೆ ಸರಿಯುತ್ತಿದೆ, ಯಾವುದು ಕುಗ್ಗುತ್ತಿದೆ ಎಂದು ತಿಳಿಯಬೇಕಾದವರು ಇಂದು ಅದನ್ನೇ ತೆರೆಯುತ್ತಾರೆ.

ನಮ್ಮ ದೇಶದ ಲೆಕ್ಕವೂ ಈಗ ಸಣ್ಣದಲ್ಲ. 2020ರಲ್ಲಿ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿ ಹೊರಬಂತು. 867 ಜಾತಿಯ ಹಕ್ಕಿಗಳ ಬಗ್ಗೆ ಬರೆದ ಆ ವರದಿಗೆ ಆಧಾರವಾದದ್ದು 15,000ಕ್ಕೂ ಹೆಚ್ಚು ಹಕ್ಕಿವೀಕ್ಷಕರು ಸೇರಿಸಿದ ಒಂದು ಕೋಟಿಗೂ ಮೀರಿದ ದಾಖಲೆಗಳು. 2023ರಲ್ಲಿ ಅದರ ಮುಂದಿನ ವರದಿ ಬಂದಾಗ ಜಾತಿಗಳ ಸಂಖ್ಯೆ 942ಕ್ಕೆ, ದಾಖಲೆಗಳು ಮೂರು ಕೋಟಿಗೆ ಏರಿದ್ದವು. 178 ಜಾತಿಗಳನ್ನು ತುರ್ತಾಗಿ ಗಮನಿಸಬೇಕು ಎಂದು ವರದಿ ಹೇಳಿತು. ಇಷ್ಟು ದಾಖಲೆಗಳನ್ನು ಕೈಬೆರಳಿನಲ್ಲಿ ಎಣಿಸುವಷ್ಟು ವಿಜ್ಞಾನಿಗಳು ಓಡಾಡಿ ಕೂಡಿಹಾಕಲು ಸಾಧ್ಯವೇ? ಸಂಜೆ ಪಾರ್ಕಿಗೆ ಹೋದವರು, ಕಾಲೇಜಿನ ಅಂಗಳದಲ್ಲಿ ನಿಂತವರು, ಮನೆಯ ತಾರಸಿ ಹತ್ತಿದವರು ಬರೆದ ಚೂರುಪಾರು ಲೆಕ್ಕಗಳೇ ಸೇರಿ ಇಷ್ಟಾಯಿತು.

ಗುಬ್ಬಿಯ ಮಾತು ಬಂತಲ್ಲ, ಅದಕ್ಕೂ 2020ರ ವರದಿಯಲ್ಲಿ ಉತ್ತರವಿತ್ತು. ಗುಬ್ಬಿ ದೇಶದಿಂದಲೇ ಮಾಯವಾಗುತ್ತಿದೆ ಎಂದು ಬಹಳ ಮಂದಿ ನಂಬಿದ್ದರು. ದೇಶವನ್ನು ಒಟ್ಟಾರೆ ನೋಡಿದರೆ ಗುಬ್ಬಿಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ, ಆದರೆ ದೊಡ್ಡ ನಗರಗಳಲ್ಲಿ ಇಳಿಯುತ್ತಿದೆ ಎಂದು ಲೆಕ್ಕ ತೋರಿಸಿತು. ನೋಡಿ, ವ್ಯಥೆ ಎಲ್ಲರದೂ ಒಂದೇ. ಆದರೆ ಎಲ್ಲಿ ಇಳಿದಿದೆ, ಎಲ್ಲಿ ಇಳಿದಿಲ್ಲ ಎಂದು ಬಿಡಿಸಿ ಹೇಳಿದ್ದು ಲೆಕ್ಕ. ಕಾಯಿಲೆ ಎಲ್ಲಿದೆ ಎಂದು ತಿಳಿದ ಮೇಲಲ್ಲವೇ ಔಷಧಿ?

ಮಕ್ಕಳ ಪಾಲೂ ಇದರಲ್ಲಿದೆ. ಮರಗಳು ಯಾವಾಗ ಚಿಗುರಿದವು, ಯಾವಾಗ ಹೂ ಬಿಟ್ಟವು ಎಂದು ವಾರವಾರ ಬರೆಯುವ ಸೀಸನ್‌ವಾಚ್ ಎಂಬ ಕಾರ್ಯಕ್ರಮದಲ್ಲಿ ಕೇರಳದ ಶಾಲಾಮಕ್ಕಳದೇ ದೊಡ್ಡ ಕೊಡುಗೆ. ಫೆಬ್ರುವರಿ ತಿಂಗಳಲ್ಲಿ ನಾಲ್ಕು ದಿನ, ಮನೆಯಂಗಳದ ಹಕ್ಕಿಗಳನ್ನು ಎಣಿಸುವ ಜಾಗತಿಕ ಕಾರ್ಯಕ್ರಮವೊಂದು ನಡೆಯುತ್ತದೆ; 1998ರಲ್ಲಿ ಶುರುವಾದ ಅದಕ್ಕೆ ಭಾರತ 2013ರಿಂದ ಸೇರಿಕೊಂಡಿದೆ. ಶಾಲೆ ಕಾಲೇಜುಗಳ ಅಂಗಳಗಳಲ್ಲೂ ಆಗ ಎಣಿಕೆ ನಡೆಯುತ್ತದೆ. ನಿಮ್ಮ ಪಾರ್ಕನ್ನೂ ಅದಕ್ಕೆ ಸೇರಿಸಬಹುದು.

ಹಾಜರಿ ತೆಗೆಯುವ ಕ್ರಮ

ಈಗ ಕೆಲಸಕ್ಕೆ ಬರೋಣ. ನೂರು ಪುಟದ ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಒಂದು ಗಡಿಯಾರ ತೆಗೆದುಕೊಳ್ಳಿ. ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಮೊದಲ ನಿಯಮ: ಒಂದೇ ದಾರಿ, ಒಂದೇ ಹೊತ್ತು, ಒಂದೇ ಅವಧಿ. ಬೆಳಿಗ್ಗೆ ಏಳು ಗಂಟೆಗೆ ಗೇಟಿನಿಂದ ಹೊರಟು, ಬಾವಿಯ ಪಕ್ಕದಿಂದ ಹಾದು, ಜಾರುಬಂಡಿಯವರೆಗೆ ಹದಿನೈದು ನಿಮಿಷ ಎಂದು ಗೊತ್ತುಮಾಡಿಕೊಂಡರೆ ಪ್ರತಿವಾರವೂ ಹಾಗೆಯೇ. ಇಷ್ಟು ಕಟ್ಟುನಿಟ್ಟು ಏಕೆ? ಒಂದು ಲೆಕ್ಕ ಮಾಡಿ ನೋಡಿ. ಒಬ್ಬ ಹುಡುಗ ಹದಿನೈದು ನಿಮಿಷದಲ್ಲಿ 6 ಮೈನಾ ಕಂಡ. ಮುಂದಿನ ವಾರ ಒಂದು ಗಂಟೆ ನಿಂತು 18 ಕಂಡ. ಮೈನಾ ಮೂರು ಪಟ್ಟು ಹೆಚ್ಚಾದವೇ? ಮೊದಲ ವಾರದ ದರದಲ್ಲಿ ಗಂಟೆಗೆ 24 ಕಾಣಬೇಕಿತ್ತು. ಅಂದರೆ ಎರಡನೇ ವಾರ ದೊಡ್ಡ ಸಂಖ್ಯೆ ಬರೆದಿದ್ದರೂ ನಿಜವಾಗಿ ಕಡಿಮೆ ಕಂಡಿವೆ. ಆದ್ದರಿಂದ ಎಷ್ಟು ಹೊತ್ತು ನೋಡಿದಿರಿ, ಎಷ್ಟು ಮಂದಿ ನೋಡಿದಿರಿ ಎಂಬುದನ್ನು ಪುಟದ ಮೇಲ್ಭಾಗದಲ್ಲಿ ಬರೆಯಲೇಬೇಕು. ಪ್ರಯೋಗಶಾಲೆಯಲ್ಲಿ ಉಷ್ಣತೆಯನ್ನು ಬರೆಯದೆ ದ್ರಾವಣದ ಕರಗುವಿಕೆಯನ್ನು ಮಾತ್ರ ಬರೆದರೆ ನಿಮ್ಮ ಮೇಷ್ಟ್ರು ಅಂಕ ಕೊಡುತ್ತಾರೆಯೇ? ಇದೂ ಹಾಗೆಯೇ.

ಎರಡನೆಯ ನಿಯಮ: ಒಂದನ್ನೇ ಎರಡು ಸಲ ಎಣಿಸಬೇಡಿ. ಎಂಟು ಗಿಳಿ ಕಿರುಚುತ್ತ ತಲೆಯ ಮೇಲೆ ಹಾರಿಹೋದವು. ಐದು ನಿಮಿಷದ ಮೇಲೆ ಎಂಟು ಗಿಳಿ ಮತ್ತೆ ಬಂದವು. ಅವೇ ಇರಬಹುದು, ಬೇರೆ ಇರಬಹುದು. ಆ ಅನುಮಾನ ಇರುವಾಗ ಒಟ್ಟಿಗೆ ಕಂಡ ಅತಿ ಹೆಚ್ಚು ಸಂಖ್ಯೆಯನ್ನು ಬರೆಯಿರಿ: ಎಂಟು.

ಮೂರನೆಯ ನಿಯಮ: ಗೊತ್ತಿಲ್ಲದ್ದಕ್ಕೆ ಹೆಸರಿಡಬೇಡಿ. "ಗುಬ್ಬಿಗಿಂತ ಚಿಕ್ಕದು, ಹಸಿರು, ಕೊಕ್ಕು ಬಾಗಿದೆ" ಎಂದು ಬರೆದು ಒಂದು ಚಿತ್ರ ಗೀಚಿ. ಚಿತ್ರ ಕೆಟ್ಟದಾಗಿದ್ದರೂ ಚಿಂತೆಯಿಲ್ಲ. ಆಮೇಲೆ ಗೊತ್ತಿದ್ದವರನ್ನು ಕೇಳಿ, ಅಥವಾ ಪೂರ್ಣಚಂದ್ರ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಪುಸ್ತಕವನ್ನು ಗ್ರಂಥಾಲಯದಲ್ಲಿ ತೆಗೆದು ನೋಡಿ. ತಪ್ಪು ಹೆಸರಿಗಿಂತ ಖಾಲಿ ಜಾಗ ಮೇಲು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಸೊನ್ನೆಯನ್ನು ಬರೆಯಿರಿ. "ಕಾಣದ್ದನ್ನು ಯಾಕೆ ಬರೆಯಬೇಕು?" ಎಂದು ಪ್ರತಿವರ್ಷವೂ ಯಾರಾದರೂ ಒಬ್ಬ ವಿದ್ಯಾರ್ಥಿ ಕೇಳುತ್ತಾನೆ. ಗುಬ್ಬಿಯ ಸಾಲಿನಲ್ಲಿ ಜಾಗ ಖಾಲಿ ಬಿಟ್ಟರೆ ಎರಡು ಅರ್ಥ ಬರುತ್ತದೆ: ನೋಡಿದಿರಿ ಆದರೆ ಕಾಣಲಿಲ್ಲ, ಅಥವಾ ನೋಡಲೇ ಇಲ್ಲ. ಸೊನ್ನೆ ಬರೆದರೆ ಒಂದೇ ಅರ್ಥ. ಸತತವಾಗಿ ಬಿದ್ದ ಸೊನ್ನೆಗಳೇ ಹಾಜರಿ ಪುಸ್ತಕ ಹೇಳುವ ದೊಡ್ಡ ಸುದ್ದಿ.

ಹಾಗೆಂದು ಸೊನ್ನೆಯನ್ನು ಅವಸರದಲ್ಲಿ ಓದಬಾರದು. ಜನವರಿಯಲ್ಲಿ ಕೋಗಿಲೆಯ ಕೂಗು ಅಪರೂಪ. ಆದರೆ ಅದು ಊರು ಬಿಟ್ಟಿಲ್ಲ, ಸುಮ್ಮನೆ ಎಲೆಮರೆಯಲ್ಲಿದೆ. ಮಾವು ಕಾಯಿಕಟ್ಟುವ ಹೊತ್ತಿಗೆ ಬಾಯಿ ಬಿಡುತ್ತದೆ. ಆದ್ದರಿಂದ ನಿಮ್ಮ ಸೊನ್ನೆಯ ಅರ್ಥ "ಪಾರ್ಕಿನಲ್ಲಿ ಇಲ್ಲ" ಎಂದಲ್ಲ, "ಈ ಹದಿನೈದು ನಿಮಿಷದಲ್ಲಿ ಕಾಣಲಿಲ್ಲ, ಕೇಳಿಸಲಿಲ್ಲ" ಎಂದು. ಒಂದು ವಾರದ ಸೊನ್ನೆ ಬರಿಯ ಸೊನ್ನೆ. ಎರಡು ವರ್ಷ ಎಲ್ಲ ಋತುಗಳಲ್ಲೂ ಬಿದ್ದ ಸೊನ್ನೆ ಎಚ್ಚರಿಕೆಯ ಗಂಟೆ.

ಚೊಕ್ಕಟವಾದ ಪಾರ್ಕು, ಜೀವಂತ ಪಾರ್ಕು

ಹೀಗೆ ಒಂದು ವರ್ಷ ಹಾಜರಿ ತೆಗೆದರೆ ಒಂದು ವಿಷಯ ನಿಮ್ಮ ಗಮನಕ್ಕೆ ಬಂದೇ ಬರುತ್ತದೆ. ಹುಲ್ಲುಹಾಸು, ಕತ್ತರಿಸಿದ ಬೇಲಿಗಿಡ, ಟೈಲ್ಸ್ ಹಾಕಿದ ದಾರಿ ಇರುವ ಭಾಗದಲ್ಲಿ ನಿಮ್ಮ ಪಟ್ಟಿ ಉದ್ದವಾಗುವುದಿಲ್ಲ. ಮಾಲಿಯವರ ಕೋಣೆಯ ಹಿಂದಿನ ಮೂಲೆಯಲ್ಲಿ, ತರಗೆಲೆ ಬಿದ್ದಿರುವಲ್ಲಿ, ಒಣಮರ ನಿಂತಿರುವಲ್ಲಿ ಉದ್ದವಾಗುತ್ತದೆ. ಏಕೆ?

ಒಣಗಿದ ಕೊಂಬೆಯನ್ನೇ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಅದು ಸೌದೆ. ಕಂಚುಗಾರ ಹಕ್ಕಿಗೆ ಅದು ನಿವೇಶನ. ತಾಮ್ರದ ಪಾತ್ರೆಗೆ ಸುತ್ತಿಗೆಯಿಂದ ಬಡಿದಂತೆ "ಟುಕ್ ಟುಕ್ ಟುಕ್" ಎನ್ನುವ, ಹಣೆಯ ಮೇಲೆ ಕುಂಕುಮವಿಟ್ಟಂತೆ ಕೆಂಪು ಬಣ್ಣವಿರುವ ಹಕ್ಕಿ ಅದು. ಗಂಡುಹೆಣ್ಣು ಎರಡೂ ಸೇರಿ ಒಣಕೊಂಬೆಯ ಅಡಿಭಾಗದಲ್ಲಿ ಗುಂಡಗೆ ತೂತು ಕೊರೆದು ಗೂಡು ಮಾಡುತ್ತವೆ. ಹಸಿ ಮರ ಗಟ್ಟಿ, ಕೊರೆಯುವುದು ಕಷ್ಟ. ಮೈನಾ, ಗಿಳಿ, ಮಡಿವಾಳ ಹಕ್ಕಿ, ಹಾಲಕ್ಕಿ ಇವೂ ಪೊಟರೆಯಲ್ಲಿ ಮೊಟ್ಟೆಯಿಡುವವೇ, ಆದರೆ ಮರಕುಟಿಗನಂತೆ ಮರ ಕೊರೆಯಬಲ್ಲ ಕೊಕ್ಕು ಅವುಗಳಿಗಿಲ್ಲ. ಮರ ತಾನಾಗಿ ಟೊಳ್ಳಾದಲ್ಲಿ ಅಥವಾ ಬೇರೆಯವರು ಕೊರೆದು ಬಿಟ್ಟುಹೋದಲ್ಲಿ ಅವು ಬಾಡಿಗೆಗೆ ಬರುತ್ತವೆ. ಒಂದು ಒಣಮರವನ್ನು ಕಡಿದರೆ ಮಾಲೀಕನ ಜೊತೆಗೆ ಬಾಡಿಗೆದಾರರೂ ಬೀದಿಗೆ ಬೀಳುತ್ತಾರೆ.

ತರಗೆಲೆಯ ಕಥೆಯೂ ಇಂಥದೇ. ಒಂದು ಕಡ್ಡಿಯಿಂದ ತರಗೆಲೆಯ ರಾಶಿಯನ್ನು ಮೆಲ್ಲಗೆ ಕೆದಕಿ ನೋಡಿ. ಎರೆಹುಳು, ಗೆದ್ದಲು, ಸಹಸ್ರಪದಿ, ಜೇಡ, ಬಿಳಿ ದಾರದಂಥ ಶಿಲೀಂಧ್ರ ಕಾಣುತ್ತವೆ. ಹರಟೆಮಲ್ಲಗಳು ಗುಂಪಾಗಿ ಬಂದು ಎಲೆ ತಿರುವಿಹಾಕುವುದು ಇವಕ್ಕಾಗಿಯೇ. ಚಳಿಗಾಲದಲ್ಲಿ ದಕ್ಷಿಣಕ್ಕೆ ಬರುವ, ಮೈಮೇಲೆ ಬಣ್ಣಗಳ ಸಂತೆಯನ್ನೇ ಹೊತ್ತ ನವರಂಗ ಹಕ್ಕಿ ಆಹಾರ ಹುಡುಕುವುದೂ ಮರದ ಕೆಳಗಿನ ತರಗೆಲೆಯಲ್ಲಿ. ಅದಕ್ಕೆ ಬೆಂಕಿ ಹಚ್ಚಿದರೆ ಹಕ್ಕಿಗಳ ಊಟವೂ ಹೋಯಿತು, ಮರದ ಗೊಬ್ಬರವೂ ಹೋಯಿತು, ಉಬ್ಬಸವಿರುವ ಅಜ್ಜನಿಗೆ ಹೊಗೆಯೊಂದು ಉಳಿಯಿತು. ಬಯಲಿನಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ನಿಷೇಧಿಸಿ, 5,000 ರೂಪಾಯಿ ದಂಡವನ್ನೂ ಗೊತ್ತುಮಾಡಿತು.

ಇನ್ನು ಎಕ್ಕದ ಗಿಡ. ರಥಸಪ್ತಮಿಯ ದಿನ ಎಕ್ಕದೆಲೆಯನ್ನು ತಲೆ, ಭುಜಗಳ ಮೇಲಿಟ್ಟುಕೊಂಡು ಸ್ನಾನ ಮಾಡುವ ನಾವು ಉಳಿದ ದಿನ ಅದನ್ನು ಕಳೆಯೆಂದು ಕೀಳುತ್ತೇವೆ. ಪ್ಲೇನ್ ಟೈಗರ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆ ಮೊಟ್ಟೆಯಿಡುವುದು ಅದರ ಎಲೆಯ ಮೇಲೆ. ಮರಿಹುಳು ಆ ಹಾಲುಸೊನೆಯ ಎಲೆಯನ್ನೇ ತಿಂದು, ಅದರ ವಿಷವನ್ನು ತನ್ನ ಮೈಯಲ್ಲಿ ಉಳಿಸಿಕೊಂಡು, ಹಕ್ಕಿಗಳ ಬಾಯಿಗೆ ಕಹಿಯಾಗುತ್ತದೆ. ಎಕ್ಕ ಕಿತ್ತರೆ ಆ ಚಿಟ್ಟೆಯ ಹೆರಿಗೆಮನೆಯನ್ನೇ ಕಿತ್ತಂತೆ. ಆಮೇಲೆ ಚಿಟ್ಟೆಗಳು ಬರಲೆಂದು ಸಾವಿರಾರು ರೂಪಾಯಿಯ ಅಲಂಕಾರದ ಗಿಡ ತಂದು ನೆಡುವುದರಲ್ಲಿ ಏನರ್ಥ?

ಹಾಗಾದರೆ ಪಾರ್ಕನ್ನು ಪೊದೆಯಾಗಲು ಬಿಡಬೇಕೇ? ಬೇಡ. ನಡೆದಾಡುವ ದಾರಿಯ ಮೇಲೆ ಬಾಗಿದ ಒಣಕೊಂಬೆಯನ್ನು ತೆಗೆಯಲೇಬೇಕು. ಮನುಷ್ಯರ ತಲೆಗೂ ಬೆಲೆಯಿದೆ. ಆಟದ ಜಾಗವನ್ನು ಗುಡಿಸಬೇಕು. ಆದರೆ ಮೂಲೆಯ ಒಣಮರದ ತುದಿಯನ್ನು ತೆಗೆದು ಬೊಡ್ಡೆಯನ್ನು ನಿಲ್ಲಲು ಬಿಡಬಹುದು. ಗುಡಿಸಿದ ತರಗೆಲೆಯನ್ನು ಸುಡದೆ ಬೇಲಿಯ ಬದಿಯ ಗಿಡಗಳ ಬುಡಕ್ಕೆ ಹರಡಬಹುದು, ಇಲ್ಲವೇ ಒಂದು ಗುಂಡಿಯಲ್ಲಿ ಕೊಳೆಸಬಹುದು. ಹತ್ತರಲ್ಲಿ ಒಂದು ಪಾಲು ಜಾಗವನ್ನು ಅವುಗಳ ಪಾಡಿಗೆ ಬಿಟ್ಟರೆ ನಮಗೇನೂ ಕೊರತೆಯಾಗದು.

ನೋಟ್‌ಬುಕ್ಕಿನ ಬಲ ಗೊತ್ತಾಗುವುದು ಇಲ್ಲಿಯೇ. ಕೊಂಬೆ ಸವರಲು ಗರಗಸ ಹಿಡಿದು ಬಂದವರಿಗೆ "ಇಲ್ಲಿ ಹಕ್ಕಿಗಳಿವೆ, ಕಡಿಯಬೇಡಿ" ಎಂದರೆ "ಎಲ್ಲ ಕಡೆಯೂ ಇವೆ" ಎನ್ನುತ್ತಾರೆ. "ಜನವರಿ 18ರಿಂದ ಈ ಕೊಂಬೆಯ ತೂತಿಗೆ ಕಂಚುಗಾರ ಹಕ್ಕಿ ಹೋಗಿಬರುತ್ತಿದೆ, ಐದು ವಾರದ ಲೆಕ್ಕ ಇಲ್ಲಿದೆ, ಮರಿ ಹಾರಿದ ಮೇಲೆ ಕಡಿಯಿರಿ" ಎಂದು ಪುಟ ತೆರೆದು ತೋರಿಸಿದರೆ ಅದು ಮನವಿಯಷ್ಟೇ ಅಲ್ಲ, ಸಾಕ್ಷ್ಯ. ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕೆಂದು ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯಿದೆ ಇದೆ. ಕಾಯಿದೆಗೆ ಕಣ್ಣು ಕೊಡುವವರು ದಿನವೂ ಆ ಮರದ ಕೆಳಗೆ ಓಡಾಡುವ ನಾವು.

ಒಂದು ದಿನದ ಸೇವೆ, ವರ್ಷವಿಡೀ ಸೇವೆ

ಜೂನ್ 5ಕ್ಕೆ ಪರಿಸರ ದಿನ, ಜುಲೈಯಲ್ಲಿ ವನಮಹೋತ್ಸವ. ವನಮಹೋತ್ಸವ ಶುರುವಾದದ್ದು 1950ರಲ್ಲಿ. ಅಂದಿನಿಂದ ನೆಟ್ಟ ಸಸಿಗಳೆಲ್ಲ ಬದುಕಿದ್ದರೆ ನಮ್ಮ ಊರುಗಳಲ್ಲಿ ನಡೆಯಲು ಜಾಗವಿರುತ್ತಿರಲಿಲ್ಲ! ಗುಂಡಿ ತೋಡಿ ಸಸಿಯಿಟ್ಟು ಫೋಟೋ ತೆಗೆಸಿಕೊಂಡವರು ಮಾರ್ಚಿ ತಿಂಗಳ ಬಿಸಿಲಿನಲ್ಲಿ ಒಂದು ಕೊಡ ನೀರು ಹಿಡಿದು ಬರುವುದು ಅಪರೂಪ. ನೆಡುವುದು ಒಂದು ದಿನದ ಕೆಲಸ, ಬೆಳೆಸುವುದು ಮೂರು ಬೇಸಿಗೆಯ ಕೆಲಸ.

ವರ್ಷವಿಡೀ ಮಾಡಿದವರೂ ನಮ್ಮ ನಡುವೆ ಇದ್ದಾರೆ. ಬೆಂಗಳೂರಿನ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಸುಮಾರು 13 ಎಕರೆಯದು. ಒಂದು ಕಾಲಕ್ಕೆ ಬತ್ತಿ ಕಸ ಸುರಿಯುವ ಜಾಗವಾಗುತ್ತಿತ್ತು. ಸುತ್ತಲಿನ ನಿವಾಸಿಗಳು 2010ರಲ್ಲಿ ಒಂದು ಟ್ರಸ್ಟ್ ಮಾಡಿಕೊಂಡು, 2011ರಲ್ಲಿ ಆಗಿನ ಮಹಾನಗರ ಪಾಲಿಕೆಯೊಡನೆ ಒಪ್ಪಂದಕ್ಕೆ ಸಹಿ ಹಾಕಿ ಕೆರೆಯ ನಿರ್ವಹಣೆಗೆ ಇಳಿದರು. ಕಳೆ ತೆಗೆಯುವುದು, ಸಸಿಗೆ ನೀರು ಹಾಕುವುದು, ಬಂದ ಹಕ್ಕಿಗಳ ಲೆಕ್ಕ ಇಡುವುದು ಎಲ್ಲವೂ ಅವರ ಕೆಲಸವಾಯಿತು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯೂ ಸರ್ಕಾರ ಮತ್ತು ಸುತ್ತಲಿನ ಜನ ಕೈಗೂಡಿಸಿದ್ದರಿಂದ ಮತ್ತೆ ಜೀವ ತಳೆಯಿತು.

ಇನ್ನೊಂದು ಉದಾಹರಣೆ ರಾತ್ರಿಯದು. ಕಾಡುಪಾಪದ ಹೆಸರು ಕೇಳಿದ್ದೀರಾ? ಕಾಲು ಕೆ.ಜಿ. ಆಸುಪಾಸಿನ ತೂಕ, ಬಾಲವಿಲ್ಲದ ಮೈ, ಬಟ್ಟಲಿನಂಥ ಕಣ್ಣು. ಹುಳುಹುಪ್ಪಟೆ ತಿಂದು ಬದುಕುವ ಈ ನಿಶಾಚರಿ ಬೆಂಗಳೂರು ನಗರದ ಮರಗಳಿರುವ ಕೆಲವು ದೊಡ್ಡ ಆವರಣಗಳಲ್ಲಿ ಇಂದಿಗೂ ಇದೆ. 2014ರಲ್ಲಿ ಆರಂಭವಾದ ನಗರ ಕಾಡುಪಾಪ ಯೋಜನೆಯಲ್ಲಿ ಸಾಮಾನ್ಯ ನಾಗರಿಕರೇ ವಿಜ್ಞಾನಿಗಳ ಜೊತೆ ಕೆಂಪು ಬೆಳಕಿನ ಟಾರ್ಚು ಹಿಡಿದು ರಾತ್ರಿ ನಡೆದು ಅದನ್ನು ಹುಡುಕಿದರು. ಕಾಡುಪಾಪಕ್ಕೆ ಕೋತಿಯಂತೆ ನೆಗೆಯಲು ಬಾರದು. ಒಂದು ಮರದ ಕೊಂಬೆ ಇನ್ನೊಂದಕ್ಕೆ ತಾಗಿದ್ದರೆ ಮಾತ್ರ ಅದು ದಾಟೀತು. ನಡುವಿನ ಒಂದು ಮರ ಕಡಿದರೆ ಅದಕ್ಕೆ ಸೇತುವೆ ಮುರಿದಂತೆ. ರಾತ್ರಿ ನಡೆದು ಲೆಕ್ಕ ಇಡುವವರು ಇಲ್ಲದಿದ್ದರೆ ಆ ಸೇತುವೆ ಎಲ್ಲಿದೆ ಎಂದು ಯಾರಿಗೆ ಗೊತ್ತಾಗಬೇಕು?

ತಂದೆತಾಯಿಗಳಿಗೆ ಎರಡು ಮಾತು

"ಪರೀಕ್ಷೆ ಹತ್ತಿರ ಬಂತು, ಈಗ ಹಕ್ಕಿ ಎಣಿಸುತ್ತ ಕೂತರೆ ಎಷ್ಟು ಮಾರ್ಕ್ಸ್ ಬರುತ್ತೆ, ಮೇಷ್ಟ್ರೇ?" ಎಂದು ನೀವು ಕೇಳುತ್ತೀರಿ. ನೇರವಾಗಿಯೇ ಹೇಳುತ್ತೇನೆ: ಅಂಕಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಕಾಲಂ ಇಲ್ಲ. ಆದರೆ ವಿಜ್ಞಾನದ ಪಾಠದಲ್ಲಿ ನಾವು ಬೋರ್ಡಿನ ಮೇಲೆ ಬರೆಯುವ ವೀಕ್ಷಣೆ, ದಾಖಲೆ, ಹೋಲಿಕೆ, ತೀರ್ಮಾನ ಎಂಬ ನಾಲ್ಕು ಪದಗಳು ಇಲ್ಲಿ ಮಗುವಿನ ಕೈಗೇ ಸಿಗುತ್ತವೆ. ಸರಾಸರಿ, ದರ, ಸ್ತಂಭನಕ್ಷೆ ಎಲ್ಲವನ್ನೂ ತನ್ನದೇ ಅಂಕಿಗಳಿಂದ ಮಾಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಕಾಣದ್ದನ್ನು ಕಂಡೆ ಎಂದು ಬರೆಯಬಾರದು ಎಂಬ ಪಾಠ ಕಲಿಯುತ್ತದೆ. ಸೊನ್ನೆಯನ್ನು ಸೊನ್ನೆ ಎಂದು ಬರೆಯುವ ಧೈರ್ಯವನ್ನು ಯಾವ ಟ್ಯೂಷನ್ನಿನಲ್ಲಿಯೂ ಹೇಳಿಕೊಡುವುದಿಲ್ಲ.

ಕಳೆದುಕೊಳ್ಳುವುದು ವಾರಕ್ಕೆ ಹದಿನೈದು ನಿಮಿಷ. ಮಕ್ಕಳ ಜೊತೆಗೆ ನೀವೂ ಹೋಗಿ. ಚಿಕ್ಕ ಮಕ್ಕಳನ್ನು ಒಬ್ಬರನ್ನೇ ಕಳಿಸಬೇಡಿ. ಅಜ್ಜ ಅಜ್ಜಿಯರನ್ನೂ ಕರೆದೊಯ್ಯಿರಿ. ಪುಸ್ತಕದಲ್ಲಿ ಸಿಗದ ಗಿಡಮರಗಳ ಹೆಸರು ಅವರ ನಾಲಿಗೆಯ ಮೇಲಿರುತ್ತದೆ. ಪಾರ್ಕಿನ ಮಾಲಿಯವರನ್ನು ಮರೆಯಬೇಡಿ. ಯಾವ ಮರದಲ್ಲಿ ಗೂಡಿದೆ, ಯಾವ ಬಿಲದಲ್ಲಿ ಕೇರೆಹಾವಿದೆ ಎಂದು ಎಲ್ಲರಿಗಿಂತ ಮೊದಲು ತಿಳಿಯುವುದು ಅವರಿಗೇ. ಅವರ ಹೆಸರನ್ನು ಕೇಳಿ, ನಮಸ್ಕಾರ ಹೇಳಿ, ಅವರು ಹೇಳಿದ್ದನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿಸಿ.

ಕೆಲವು ಎಚ್ಚರಿಕೆಗಳು

ಗೂಡಿನ ಹತ್ತಿರ ಹೋಗಬೇಡಿ. ನೀವು ತುಳಿದ ದಾರಿಯನ್ನು ಕಾಗೆಯೂ ಬೆಕ್ಕೂ ಗಮನಿಸುತ್ತವೆ. ನೆಲದ ಮೇಲೆ ರೆಕ್ಕೆ ಬಲಿತ ಮರಿ ಕುಪ್ಪಳಿಸುತ್ತಿದ್ದರೆ ಅದು ಅನಾಥವಲ್ಲ; ಹಾರಲು ಕಲಿಯುತ್ತಿದೆ, ತಾಯಿ ಹತ್ತಿರದಲ್ಲೇ ಇರುತ್ತದೆ. ಅದನ್ನು ಮನೆಗೆ ತರಬೇಡಿ. ನಾಯಿ ಬೆಕ್ಕುಗಳ ಭಯವಿದ್ದರೆ ಎತ್ತಿ ಹತ್ತಿರದ ಪೊದೆಯ ಮೇಲಿಟ್ಟು ದೂರ ಸರಿಯಿರಿ. ಗಿಳಿಯನ್ನು ಹಿಡಿಯುವುದು, ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಪಾರಿವಾಳಗಳಿಗೆ ಚೀಲಗಟ್ಟಲೆ ಕಾಳು ಸುರಿಯುವುದು ಪುಣ್ಯವೆಂದು ತಿಳಿದವರಿದ್ದಾರೆ. ಹಾಗೆ ಸಾಕಿದರೆ ಬೆಳೆಯುವುದು ಮೊದಲೇ ಹೆಚ್ಚುತ್ತಿರುವ ಪಾರಿವಾಳಗಳ ಸಂಖ್ಯೆ ಮಾತ್ರ. ಪುಣ್ಯ ಬೇಕಿದ್ದರೆ ಒಂದು ಅತ್ತಿ ಅಥವಾ ನೇರಳೆ ಮರ ಬೆಳೆಸಿ.

ಈ ವಾರದ ಕೆಲಸ

1. ಮನೆಗೆ ಹತ್ತಿರದ ಪಾರ್ಕು, ಶಾಲೆಯ ಅಂಗಳ, ದೇವಸ್ಥಾನದ ಕಟ್ಟೆ ಯಾವುದಾದರೂ ಒಂದನ್ನು ಆರಿಸಿಕೊಳ್ಳಿ. ಅದರ ಒಂದು ನಕ್ಷೆ ಬರೆಯಿರಿ. ದೊಡ್ಡ ಮರಗಳು, ಒಣಮರ, ನೀರಿರುವ ಜಾಗ, ತರಗೆಲೆ ಇರುವ ಮೂಲೆ ಇವನ್ನು ಗುರುತಿಸಿ.

2. ನಿಮಗೆ ಖಂಡಿತವಾಗಿ ಗುರುತು ಸಿಗುವ ಹತ್ತು ಜೀವಿಗಳ ಪಟ್ಟಿ ಮಾಡಿ. ಹತ್ತೂ ಹಕ್ಕಿಯೇ ಆಗಬೇಕಿಲ್ಲ. ಅಳಿಲು, ಕೆಂಜಿಗ, ಒಂದು ಜಾತಿಯ ಚಿಟ್ಟೆಯೂ ಇರಲಿ. ಗುಬ್ಬಿಯ ಹೆಸರು ಇರಲೇಬೇಕು.

3. ಭಾನುವಾರ ಬೆಳಿಗ್ಗೆ ಹದಿನೈದು ನಿಮಿಷ ನಡೆದು ಎಣಿಸಿ. ತಾರೀಖು, ಹೊತ್ತು, ಮೋಡವೋ ಬಿಸಿಲೋ, ಎಷ್ಟು ಮಂದಿ ನೋಡಿದಿರಿ ಎಲ್ಲವನ್ನೂ ಬರೆಯಿರಿ. ಕಾಣದ್ದರ ಮುಂದೆ ಸೊನ್ನೆ.

4. ಒಂದು ಮರವನ್ನು ನಿಮ್ಮದಾಗಿಸಿಕೊಳ್ಳಿ. ಎಲೆ ಉದುರಿದ್ದು, ಚಿಗುರಿದ್ದು, ಹೂ ಬಿಟ್ಟದ್ದು, ಕಾಯಿ ಕಟ್ಟಿದ್ದು ಎಲ್ಲದರ ತಾರೀಖು ಅದರ ಪುಟದಲ್ಲಿರಲಿ.

5. ಪಾರ್ಕಿನಲ್ಲಿ ತರಗೆಲೆ ಸುಡುತ್ತಿದ್ದರೆ ಜಗಳ ಮಾಡಬೇಡಿ. ದೊಡ್ಡವರೊಡನೆ ಹೋಗಿ, ಗೊಬ್ಬರದ ಗುಂಡಿಗೆ ಒಂದು ಮೂಲೆ ಕೇಳಿ. ಗುಂಡಿ ತೋಡಲು ನೀವೇ ಕೈಹಾಕಿ.

ನಾಲ್ಕು ವಾರ ಆದ ಮೇಲೆ ಗೆಳೆಯರ ಪುಸ್ತಕದೊಡನೆ ಹೋಲಿಸಿ ನೋಡಿ. ಒಂದು ವರ್ಷ ಆದ ಮೇಲೆ ಅದರ ಒಂದು ಪ್ರತಿಯನ್ನು ಶಾಲೆಯ ಗ್ರಂಥಾಲಯಕ್ಕೆ ಕೊಡಿ. ಇಪ್ಪತ್ತು ವರ್ಷದ ನಂತರ ಅದೇ ಪಾರ್ಕಿನಲ್ಲಿ ಇನ್ನೊಬ್ಬಳು ಹುಡುಗಿ "ಇಲ್ಲಿ ಮೊದಲು ಎಷ್ಟು ಗುಬ್ಬಿ ಇದ್ದವು?" ಎಂದು ಕೇಳಿದಾಗ, "ಬೇಕಾದಷ್ಟು" ಎಂಬ ಉತ್ತರದ ಬದಲು ಅವಳಿಗೆ ಒಂದು ಸಂಖ್ಯೆ, ಒಂದು ತಾರೀಖು ಸಿಗಲಿ.